ಆ ಒಂದು ಮತ ನಿಮ್ಮದಲ್ಲ

ಪಕ್ಷದ ಲಂಡನ್ ಕೇಂದ್ರ ಕಚೇರಿಯ ಮಾನ್ಯ ಪ್ರಧಾನ ಕಾರ್ಯದರ್ಶಿಗಳೇ,

ಕಳೆದ ಗುರುವಾರ ಮಹಾಧಿವೇಶನದ ವೇದಿಕೆಯ ಮೇಲೆ ನಮ್ಮ ನಾಯಕರು ಎದೆಗೆ ಕೈಯಿಟ್ಟುಕೊಂಡು ನೆನೆದ ಆ ಒಂದು ಮತ, ನಮ್ಮ ಥಾರ್ನ್‌ಬೆಕ್ ನಗರಸಭೆಯನ್ನು ನಿಮ್ಮ ಕೈಗೆ ಕೊಟ್ಟ ಆ ಒಂದೇ ಒಂದು ಮತ, ನಿಮಗೆ ಬಿದ್ದದ್ದಲ್ಲ. ಅದು ನನ್ನ ಗಂಡನ ಪ್ರಶ್ನೆ. ಅದನ್ನು ಮತ ಎಂದು ವಾದಿಸಿ ನಿಮ್ಮ ರಾಶಿಗೆ ಸೇರಿಸಿದವಳು ನಾನು. ಅದರಿಂದಾಗಿ ಇವತ್ತಿಗೆ ಆರು ದಿನವಾಯಿತು, ನನ್ನ ಗಂಡ ಡಯಾಲಿಸಿಸ್‌ಗೆ ಹೋಗಿಲ್ಲ. ಕಾಲು ಬಾತುಕೊಂಡು ಚಪ್ಪಲಿ ಹಿಡಿಸುತ್ತಿಲ್ಲ. ಮೆಟ್ಟಿಲು ಹತ್ತಿದರೆ ಉಸಿರು ಸಿಗುತ್ತಿಲ್ಲ. ಇದಕ್ಕಿಂತ ಸ್ಪಷ್ಟವಾಗಿ ದೂರು ಬರೆಯಲು ನನಗೆ ಬರುವುದಿಲ್ಲ.

ಇದು ಬಹಿರಂಗ ಪತ್ರ. ಹಾಗೆಂದರೆ ಪತ್ರಿಕೆಯಲ್ಲಿ ಬರಬೇಕಾದದ್ದು ಎಂದು ನಾನೂ ಬಲ್ಲೆ. ಎರಡು ಪತ್ರಿಕೆಗಳಿಗೆ ಫೋನ್ ಮಾಡಿದೆ. ಒಬ್ಬಾತ, 'ಸ್ವಲ್ಪ ಚಿಕ್ಕದು ಮಾಡಿ, ಜೊತೆಗೆ ನಿಮ್ಮಿಬ್ಬರದೂ ಅಳುತ್ತಿರೋ ಒಂದು ಫೋಟೋ ಇದ್ರೆ ಕಳಿಸಿ' ಎಂದ. ಇನ್ನೊಬ್ಬಾಕೆ, 'ಇದರಲ್ಲಿ ನಾಯಕರ ವಿರುದ್ಧ ಹೊಸದೇನಿದೆಯಮ್ಮಾ?' ಎಂದು ಕೇಳಿದಳು. ಆದ್ದರಿಂದ ಈ ಪತ್ರವನ್ನು ನಮ್ಮ ಬೀದಿಯ ಬಸ್ ಸ್ಟಾಪಿನಲ್ಲಿ, ವೇಳಾಪಟ್ಟಿ ಇರುತ್ತಿದ್ದ ಗಾಜಿನ ಮೇಲೆ ಅಂಟಿಸುತ್ತಿದ್ದೇನೆ. ಒಂದು ಪ್ರತಿ ನಿಮಗೆ ಅಂಚೆಯಲ್ಲಿ ಬರುತ್ತದೆ. ಊರಿನವರು ನಿಮಗಿಂತ ಮೊದಲೇ ಓದಿರುತ್ತಾರೆ, ಕ್ಷಮಿಸಿ.

ನಾನು ಯಾರೆಂದು ನಿಮಗೆ ಗೊತ್ತಿರುವುದಿಲ್ಲ, ಆದರೆ ನನ್ನ ಕಾಲುಗಳು ನಿಮಗೆ ಉಪಯೋಗಕ್ಕೆ ಬಂದಿವೆ. ನಲವತ್ತೊಂದು ವರ್ಷ ಈ ವಾರ್ಡಿನಲ್ಲಿ ನಿಮ್ಮ ಕರಪತ್ರ ಹಂಚಿದ್ದೇನೆ. ಯಾವ ಮನೆಯ ಅಂಚೆ ಕಿಂಡಿಯ ಸ್ಪ್ರಿಂಗ್ ಬೆರಳು ಕಚ್ಚುತ್ತದೆ, ಯಾವ ಮನೆಯ ಕಿಂಡಿಯ ಹಿಂದೆ ನಾಯಿಯೇ ಬಾಯಿ ತೆರೆದುಕೊಂಡು ಕಾದಿರುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಪ್ರತಿ ಚುನಾವಣೆಯ ದಿನ ಮತಗಟ್ಟೆಯಾಗುವ ಚರ್ಚಿನ ಸಭಾಂಗಣದ ಬಾಗಿಲಲ್ಲಿ, ಎದೆಯ ಮೇಲೆ ನಿಮ್ಮ ಬಣ್ಣದ ರಿಬ್ಬನ್ ಹೂವು ಸಿಕ್ಕಿಸಿಕೊಂಡು, ಮಡಚುವ ಕುರ್ಚಿಯ ಮೇಲೆ ಕೂತು, ಇನ್ನೂ ಬಾರದವರು ಯಾರೆಂದು ತಿಳಿಯಲು, ಮತ ಹಾಕಿ ಬಂದವರ ಮತದಾರ ಪಟ್ಟಿಯ ನಂಬರು ಕೇಳಿ ಬರೆದುಕೊಂಡಿದ್ದೇನೆ. ಬಣ್ಣ ಯಾವುದೆಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಅರ್ಧ ಊರು ಇಲ್ಲಿಗೇ ಓದು ನಿಲ್ಲಿಸಿ ನಡೆದುಬಿಡುತ್ತದೆ. ಈ ದೇಶದಲ್ಲಿ ನೀವೂ ನಿಮ್ಮ ಎದುರಾಳಿಗಳೂ ಸೇರಿ ಕಟ್ಟಿದ ಗೋಡೆ ಅಷ್ಟು ಗಟ್ಟಿಯಾಗಿದೆ.

ಪಕ್ಕದ ಕುರ್ಚಿಯಲ್ಲಿ ಎದುರು ಪಕ್ಷದ ಹಂಫ್ರಿ ಲೋವ್ ಕೂರುತ್ತಾರೆ. ನಿವೃತ್ತ ದಂತವೈದ್ಯರು. ಈ ಊರಿನ ಅರ್ಧ ಹಲ್ಲು ಅವರು ಕಿತ್ತದ್ದು. ಇಪ್ಪತ್ತೆರಡು ವರ್ಷದಿಂದ ಅವರು ಶುಂಠಿ ಬಿಸ್ಕತ್ತು ತರುತ್ತಾರೆ, ನಾನು ಫ್ಲಾಸ್ಕಿನಲ್ಲಿ ಚಹಾ ತರುತ್ತೇನೆ. ನನಗೆ ಬಾತ್‌ರೂಮಿಗೆ ಹೋಗಬೇಕಾದರೆ ನನ್ನ ಪಾಲಿನ ನಂಬರುಗಳನ್ನೂ ಅವರೇ ಬರೆದುಕೊಳ್ಳುತ್ತಾರೆ. ಒಂದನ್ನೂ ಬಿಟ್ಟವರಲ್ಲ. ಟಿವಿಯಲ್ಲಿ ನಿಮ್ಮವರೂ ಅವರವರೂ ಒಬ್ಬರ ಗಂಟಲು ಒಬ್ಬರು ಹಿಸುಕುತ್ತಿರುವಾಗ ನಾವಿಬ್ಬರು ಮಳೆಯಲ್ಲಿ ಒಂದೇ ಕೊಡೆಯ ಕೆಳಗೆ ಬಿಸ್ಕತ್ತು ಅದ್ದಿ ತಿನ್ನುತ್ತಿದ್ದೆವು. ಇದನ್ನು ಯಾವ ಪತ್ರಿಕೆಯೂ ಬರೆಯಲಿಲ್ಲ. ಬರೆದರೆ ಯಾರು ಕೊಳ್ಳುತ್ತಾರೆ?

ಮೊದಲು ಜನ ಬಾಗಿಲಲ್ಲೇ ಜಗಳ ಆಡುತ್ತಿದ್ದರು. ನನಗೆ ಅದು ಖುಷಿ. ಜಗಳ ಆಡುವವರಿಗೆ ಇನ್ನೂ ಆಸೆ ಇರುತ್ತದೆ. ಈ ಸಲ ಮೇ ತಿಂಗಳ ಚುನಾವಣೆಗೆ ಮನೆಮನೆ ತಿರುಗುವಾಗ ಜಗಳವೂ ಇರಲಿಲ್ಲ. ಕ್ಯಾನಲ್ ಬೀದಿಯಲ್ಲಿ ಒಬ್ಬಾಕೆ ತಲೆಗೆ ಟವೆಲು ಸುತ್ತಿಕೊಂಡು ಬಾಗಿಲು ತೆಗೆದಳು.

"ಹೋದ ಸಲಾನೂ ನೀವೇ ಬಂದಿದ್ರಿ ಅಲ್ವಾ? ಪಾಪ, ಇನ್ನೂ ನಿಮ್ಮನ್ನೇ ಓಡಾಡಿಸ್ತಾ ಇದಾರಾ?"

"ಓಡಾಡಿಸೋಕೆ ಬೇರೆ ಯಾರಿದಾರಮ್ಮಾ. ಒಂದು ನಿಮಿಷ ಮಾತಾಡ್ಬಹುದಾ?"

"ಮಾತಾಡಿ. ಬೇಕಾದ್ರೆ ಒಳಗೆ ಬಂದು ಕಾಲು ಚಾಚಿ ಕೂತ್ಕೊಳ್ಳಿ. ಮತ ಮಾತ್ರ ಕೇಳ್ಬೇಡಿ. ಆ ವಿಷ್ಯ ಎತ್ತಿದ್ರೆ ನಂಗೆ ನಿದ್ದೆ ಬರುತ್ತೆ."

ನಿಮ್ಮ ಕಚೇರಿ ಕೊಟ್ಟ ಹಾಳೆಯಲ್ಲಿ ಇಂಥವರಿಗೆ ಹಾಕಲು ಒಂದು ಗುರುತಿದೆ. 'ಮತ ಹಾಕುವುದಿಲ್ಲ, ಮತ್ತೆ ಭೇಟಿ ಬೇಡ.' ಒಂದು ಕಾಲಕ್ಕೆ ಇಡೀ ಬೀದಿಗೆ ಒಂದೋ ಎರಡೋ ಹಾಕುತ್ತಿದ್ದೆ. ಈ ಸಲ ಬೀದಿಗೆ ಬೀದಿಯೇ ಹಾಗಿತ್ತು. ಕಾರ್ಯದರ್ಶಿಗಳೇ, ಒಂದು ಮಾತು ಕೇಳುತ್ತೇನೆ. ಯಾರು ನಿಮ್ಮ ಕೈಬಿಟ್ಟಿದ್ದಾರೋ ಅವರ ಬಾಗಿಲಿಗೇ ಮತ್ತೆ ಹೋಗಬೇಡಿ ಎಂದು ಬರೆದುಕೊಳ್ಳುವ ಪಕ್ಷ ಯಾವ ತರದ ಪಕ್ಷ?

ನನ್ನ ಗಂಡ ಕ್ಲಿಫರ್ಡ್ ಬಗ್ಗೆ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಕ್ಲಿಫ್ ಬಸ್ ಚಾಲಕ. ಇಪ್ಪತ್ತೇಳು ವರ್ಷ 38ನೇ ನಂಬರ್ ಬಸ್ಸು ಓಡಿಸಿದವನು. ನಮ್ಮ ಬೀದಿಯಿಂದ ಹೊರಟು, ಮಾರುಕಟ್ಟೆ ಹಾಯ್ದು, ಹದಿನಾಲ್ಕು ಮೈಲಿ ಆಚೆಯ ದೊಡ್ಡಾಸ್ಪತ್ರೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ ಬಸ್ಸು. ಆಮೇಲೆ ಸಕ್ಕರೆ ಕಾಯಿಲೆ ಬಂತು, ಕಣ್ಣು ಮಂಜಾಯಿತು, ಲೈಸೆನ್ಸು ಹೋಯಿತು, ಕೊನೆಗೆ ಮೂತ್ರಪಿಂಡಗಳೂ ಕೈಕೊಟ್ಟವು. ಈಗ ಮಂಗಳವಾರ, ಗುರುವಾರ, ಶನಿವಾರ ಆ ಆಸ್ಪತ್ರೆಯ ಯಂತ್ರಕ್ಕೆ ನಾಲ್ಕು ಗಂಟೆ ಕಾಲ ತೋಳು ಕೊಡಬೇಕು. ಮೊದಮೊದಲು ತಾನು ಓಡಿಸುತ್ತಿದ್ದ ಬಸ್ಸಿನಲ್ಲೇ ಹೋಗಿಬರುತ್ತಿದ್ದ. ಚಾಲಕನ ಹಿಂದಿನ ಸೀಟು, ತೊಡೆಯ ಮೇಲೆ ಸ್ಯಾಂಡ್‌ವಿಚ್ಚಿನ ಡಬ್ಬಿ. ಹೊಸ ಚಾಲಕರಿಗೆ ಯಾವ ತಿರುವಿನಲ್ಲಿ ಮಂಜು ಕಟ್ಟುತ್ತದೆಂದು ಹೇಳಿಕೊಡುತ್ತ ಹೋಗುವುದು ಅವನಿಗೆ ಇಷ್ಟ. ಕಾಯಿಲೆಯವನು ಎನಿಸುತ್ತಲೇ ಇರಲಿಲ್ಲ. ಎರಡು ವರ್ಷದ ಹಿಂದೆ ಎದುರು ಪಕ್ಷದವರ ನಗರಸಭೆ 38 ಅನ್ನು ನಿಲ್ಲಿಸಿತು.

'ಆಸ್ಪತ್ರೆಯ ವಾಹನ ಇದೆಯಲ್ಲ' ಎಂದು ನಿಮ್ಮ ಕಚೇರಿಯ ಒಬ್ಬಾಕೆ ಫೋನಿನಲ್ಲಿ ನನಗೇ ತಿಳಿಸಿ ಹೇಳಿದಳು. ಇದೆ ತಾಯಿ, ಇದೆ. ಬೆಳಿಗ್ಗೆ ಆರರಿಂದ ಒಂಬತ್ತರ ನಡುವೆ ಯಾವಾಗ ಬೇಕಾದರೂ ಬರುತ್ತದೆ. ಐದು ಜನರನ್ನು ಐದು ಹಳ್ಳಿಗಳಿಂದ ಹೆಕ್ಕಿಕೊಂಡು ಹೋಗುತ್ತದೆ. ತಡವಾದರೆ ಯಂತ್ರದ ಮೇಲಿನ ಹೊತ್ತು ಕತ್ತರಿಸುತ್ತಾರೆ, ಯಾಕೆಂದರೆ ಮುಂದಿನವರು ಕಾಯುತ್ತಿರುತ್ತಾರೆ. ಮುಗಿದ ಮೇಲೆ ವಾಪಸ್ ಬರಲು ಕಾರಿಡಾರಿನ ಕುರ್ಚಿಯಲ್ಲಿ ಮೂರು ತಾಸು. ರಕ್ತವೆಲ್ಲ ತೊಳೆಸಿಕೊಂಡು ನಡುಗುತ್ತ ಕೂತ ಮನುಷ್ಯನಿಗೆ ಮೂರು ತಾಸು ಎಷ್ಟು ಉದ್ದ ಎಂದು ನಿಮ್ಮ ಕಚೇರಿಯಲ್ಲಿ ಯಾರಿಗಾದರೂ ಗೊತ್ತೇ?

ಆದ್ದರಿಂದ ಈ ಸಲದ ನಮ್ಮ ಕರಪತ್ರದ ನೆತ್ತಿಯ ಮೇಲೆ '38 ವಾಪಸ್ ತರುತ್ತೇವೆ' ಎಂದು ದಪ್ಪಕ್ಷರದಲ್ಲಿ ಬಂದಾಗ ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಕ್ಲಿಫ್ ನಕ್ಕ. "ಅಚ್ಚಾಗಿರೋದು ಕಾಗದ ಕಣೇ, ಬಸ್ಸಲ್ಲ" ಎಂದ. ನಾನು ಸಿಟ್ಟು ಮಾಡಿಕೊಂಡು ಎರಡು ದಿನ ಮಾತು ಬಿಟ್ಟೆ. ಒಂಬೈನೂರು ಮನೆಗೆ ಆ ಕಾಗದ ನಾನೇ ಹಾಕಿದೆ.

ಏಪ್ರಿಲ್‌ನಲ್ಲಿ ನಮ್ಮ ನಾಯಕರು ಬಂದರು. ಇದೇ ಬಸ್ ಸ್ಟಾಪಿಗೆ. ನಿಮ್ಮ ಪ್ರಚಾರ ವಿಭಾಗ ಎಲ್ಲಿಂದಲೋ ಒಂದು ಬಸ್ಸು ಬಾಡಿಗೆಗೆ ತಂದು, ಅದರ ಹಣೆಯ ಮೇಲೆ '38 ಆಸ್ಪತ್ರೆ' ಎಂದು ಹಾಕಿತ್ತು. ನಾಯಕರು ಅದರಿಂದ ಇಳಿದು ಕೈಬೀಸಬೇಕು, ಕ್ಯಾಮೆರಾದವರು ಹೊಡೆದುಕೊಳ್ಳಬೇಕು. ನಾಲ್ಕು ಸಲ ಇಳಿದರು. ಮೂರನೆಯ ಸಲ ಗಾಳಿ ಕೂದಲು ಕೆಡಿಸಿತ್ತಂತೆ. ಅದು ಮಂಗಳವಾರ. ಆಸ್ಪತ್ರೆಯ ವಾಹನ ಅವತ್ತು ಬಂದಿರಲಿಲ್ಲ. ಕ್ಲಿಫ್ ಕೋಟು ಹಾಕಿಕೊಂಡು, ಚೀಲ ಹಿಡಿದು, ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದವನು ಸೀದಾ ನಡೆದುಹೋಗಿ ಬಸ್ಸು ಹತ್ತಿ ಚಾಲಕನ ಹಿಂದಿನ ಸೀಟಿನಲ್ಲಿ ಕೂತುಬಿಟ್ಟ.

ಚಾಲಕ ತಿರುಗಿ ನೋಡಿ ತಲೆ ಕೆರೆದುಕೊಂಡ. "ಯಜಮಾನ್ರೇ, ಇದು ಎಲ್ಲಿಗೂ ಹೋಗಲ್ಲ. ಫೋಟೋಗೆ ಬಂದಿರೋದು."

"ಹಣೆ ಮೇಲೆ ಆಸ್ಪತ್ರೆ ಅಂತ ಬರೆದಿದೆಯಲ್ಲಪ್ಪಾ."

"ಬರೆದಿದೆ, ಆದ್ರೆ..."

"ಬರೆದ ಮೇಲೆ ಹೋಗ್ಬೇಕು. ಇಪ್ಪತ್ತೇಳು ವರ್ಷ ನಾನು ಹಾಗೇ ಮಾಡಿದ್ದು. ನಡಿ, ಗೇರ್ ಹಾಕು. ಒಂಬತ್ತೂವರೆಗೆ ಯಂತ್ರದ ಮುಂದೆ ಇರ್ಬೇಕು ನಾನು."

ಟೈ ಕಟ್ಟಿದ ನಿಮ್ಮವನೊಬ್ಬ ಓಡಿಬಂದು, "ಸರ್, ದಯವಿಟ್ಟು ಇಳೀರಿ, ನಾಯಕರಿಗೆ ಟ್ರೈನಿಗೆ ಹೊತ್ತಾಗ್ತಿದೆ" ಎಂದ. "ನಂಗೂ ಹೊತ್ತಾಗ್ತಿದೆ ಮಗಾ" ಎಂದ ಕ್ಲಿಫ್. ಅಷ್ಟೇ ನಡೆದದ್ದು. ಕೂಗಾಟವಿಲ್ಲ, ಕೈ ಎತ್ತಿದ್ದಿಲ್ಲ. ಹತ್ತು ನಿಮಿಷದ ಮೇಲೆ ನಾನೇ ಹೋಗಿ ಕೈಹಿಡಿದು ಇಳಿಸಿದೆ. ಯಾಕೆ ಇಳಿಸಿದೆ? ನಾಯಕರಿಗೆ ಮುಜುಗರವಾಗಬಾರದೆಂದು! ನನ್ನ ಎದೆಯ ಮೇಲೆ ನಿಮ್ಮ ರಿಬ್ಬನ್ ಹೂವಿತ್ತಲ್ಲ.

ಮರುದಿನದ ಪತ್ರಿಕೆಗಳನ್ನು ನೀವು ಓದಿರುತ್ತೀರಿ. ನಿಮ್ಮನ್ನು ಕಂಡರಾಗದ ಪತ್ರಿಕೆ ಮೊದಲ ಪುಟದ ತುಂಬ ಅವನ ಮುಖ ಹಾಕಿ 'ನಾಯಕರಿಗೆ ಪಾಠ ಕಲಿಸಿದ ವೀರ' ಎಂದು ಬರೆದು, 'ಐವತ್ತು ವರ್ಷ ಇವರಿಗೇ ಮತ ಹಾಕಿದೆ, ಇನ್ನು ಹಾಕಲ್ಲ' ಎಂಬ ಮಾತನ್ನು ಅವನ ಬಾಯಿಗೆ ತುರುಕಿತು. ಅವನು ಹಾಗೆ ಹೇಳಿರಲಿಲ್ಲ. ನಿಮಗೆ ಬೇಕಾದ ಪತ್ರಿಕೆ ನಿಮ್ಮ ಕಚೇರಿಗೆ ಫೋನ್ ಮಾಡಿತು. ನಿಮ್ಮ 'ಮೂಲಗಳು' ಅವನನ್ನು ಗೊಂದಲಕ್ಕೊಳಗಾದ ವೃದ್ಧ ಎಂದವು. ಅದು ಸಾಲದೆಂದು, ಹರೆಯದಲ್ಲಿ ಡಿಪೋದ ಮುಷ್ಕರದಲ್ಲಿ ಒಮ್ಮೆ ಪೊಲೀಸರು ಹಿಡಿದದ್ದನ್ನೂ ಅಗೆದು ಕೊಟ್ಟವು. 'ಹಳೇ ಕಿಡಿಗೇಡಿ'ಯಂತೆ! ಆ ಮುಷ್ಕರಕ್ಕೆ ಸೂಪು ಬೇಯಿಸಿದವಳು ನಾನು, ಪಾತ್ರೆ ಕೊಟ್ಟದ್ದು ನಿಮ್ಮದೇ ಪಕ್ಷದ ಕಚೇರಿ. ಎರಡೂ ಪತ್ರಿಕೆ ಸೇರಿ ಒಂಬತ್ತು ಪುಟ. ಅದರಲ್ಲಿ ಡಯಾಲಿಸಿಸ್ ಎಂಬ ಪದ ಒಂದು ಸಲವೂ ಇಲ್ಲ. ನಾನು ಬೆರಳಿಟ್ಟು ಹುಡುಕಿದ್ದೇನೆ. ದೂರು ಕೊಟ್ಟ ಮೇಲೆ ಏಳು ವಾರಕ್ಕೆ ಮೊದಲನೆಯದರಲ್ಲಿ ಒಂದು ತಿದ್ದುಪಡಿ ಬಂತು, ಗುಲಾಬಿ ಗಿಡಕ್ಕೆ ಹೇನು ಹತ್ತಿದರೆ ಏನು ಮಾಡಬೇಕೆಂಬ ಅಂಕಣದ ಕೆಳಗೆ, ಎರಡು ಸಾಲು. ಅಷ್ಟರೊಳಗೆ ಮಾರುಕಟ್ಟೆಯಲ್ಲಿ ಒಬ್ಬ ಅವನ ಬೆನ್ನು ತಟ್ಟುತ್ತಿದ್ದ, ಇನ್ನೊಬ್ಬ ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದ. ಕ್ಲಿಫ್ ಮಾರುಕಟ್ಟೆಗೆ ಹೋಗುವುದನ್ನೇ ಬಿಟ್ಟ.

ಮೇ ತಿಂಗಳ ಆ ಗುರುವಾರ, ಆಸ್ಪತ್ರೆಯಿಂದ ಬಂದವನು ಸಂಜೆ ಆರಕ್ಕೆ ನಿಧಾನವಾಗಿ ನಡೆದು ಚರ್ಚಿನ ಬಾಗಿಲಿಗೆ ಬಂದ. ನಾನೂ ಹಂಫ್ರಿಯೂ ಕೂತಿದ್ದೆವು. ಮತ ಹಾಕಿ ಹೊರಬಂದವನು ನನ್ನನ್ನು ದಾಟಿ ಹೋಗಿ ಹಂಫ್ರಿಯ ಮುಂದೆ ನಿಂತ.

"ಇವತ್ತು ನನ್ನ ನಂಬರು ನಿಮಗೆ ಕೊಡ್ತೀನಿ ಡಾಕ್ಟ್ರೇ. ಇವಳು ನನ್ನ ಹತ್ರ ಎಲ್ಲಾ ತಗೊಂಡಾಗಿದೆ."

ಹಂಫ್ರಿ ಬಿಸ್ಕತ್ತು ಗಂಟಲಿಗೆ ಸಿಕ್ಕಿ ಕೆಮ್ಮಿದರು. ನಾನೂ ನಕ್ಕೆ. ತಮಾಷೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಕ್ರೀಡಾ ಭವನದಲ್ಲಿ ಎಣಿಕೆ. ನಮ್ಮ ಅಭ್ಯರ್ಥಿಗೆ ನಾನೇ ಏಜೆಂಟ್, ಅವರಿಗೆ ಹಂಫ್ರಿ. ಎರಡು ಸಲ ಎಣಿಸಿದರೂ ನಮಗೆ ಸಾವಿರದ ನೂರ ಹದಿನೆಂಟು, ಅವರಿಗೂ ಸಾವಿರದ ನೂರ ಹದಿನೆಂಟು. ಉಳಿದ ವಾರ್ಡುಗಳೆಲ್ಲ ಮುಗಿದು ನಗರಸಭೆಯ ಸೀಟುಗಳು ಎರಡೂ ಪಕ್ಷಕ್ಕೆ ಸರಿಸಮವಾಗಿ ನಿಂತಿದ್ದವು. ಇಡೀ ದೇಶದ ಕ್ಯಾಮೆರಾಗಳು ನಮ್ಮ ಮೇಜಿಗೆ ತಿರುಗಿದವು. ಇನ್ನು ಉಳಿದದ್ದು ಸಂದೇಹದ ಮತಚೀಟಿಗಳು, ಇಪ್ಪತ್ತಮೂರು. ನೀವು ಚಂದ್ರನಲ್ಲಲ್ಲ, ಲಂಡನ್ನಿನಲ್ಲೇ ಇದ್ದರೂ ಇಂಥ ಮೇಜಿನ ಮುಂದೆ ಎಂದೂ ನಿಂತಿರಲಾರಿರಿ, ಅದಕ್ಕೆ ಹೇಳುತ್ತೇನೆ. ಚುನಾವಣಾಧಿಕಾರಿ ಒಂದೊಂದೇ ಚೀಟಿ ಎತ್ತಿ ಏಜೆಂಟರಿಗೆ ತೋರಿಸುತ್ತಾರೆ. ಖಾಲಿ ಚೀಟಿ, ಇಬ್ಬರಿಗೂ ಗುರುತು ಹಾಕಿದ ಚೀಟಿ, ಎಲ್ಲರ ಹೆಸರ ಮೇಲೂ 'ಕಳ್ಳರು' ಎಂದು ಉದ್ದಕ್ಕೆ ಗೀಚಿದ ಚೀಟಿ, ಎಲ್ಲವೂ ತಿರಸ್ಕೃತ. ಆದರೆ ಬರಹವೋ ಚಿತ್ರವೋ ಒಬ್ಬನೇ ಅಭ್ಯರ್ಥಿಯ ಚೌಕದೊಳಗೆ ಪೂರ್ತಿ ಇದ್ದರೆ, ಅದನ್ನು ಅವನಿಗೆ ಬಿದ್ದ ಮತವೆಂದು ಒಪ್ಪಿಕೊಳ್ಳುವುದುಂಟು. ಏಜೆಂಟರ ಕೆಲಸವೇ ಅದು, ನಮ್ಮ ಚೌಕದಲ್ಲಿ ನೊಣ ಕೂತರೂ ನಮ್ಮದೆಂದು ವಾದಿಸುವುದು. ನಲವತ್ತೊಂದು ವರ್ಷದ ಅಭ್ಯಾಸ.

ಇಪ್ಪತ್ತೆರಡು ಚೀಟಿ ಹೋದವು. ಇಪ್ಪತ್ತಮೂರನೆಯದನ್ನು ಎತ್ತಿದರು. ನಮ್ಮ ಅಭ್ಯರ್ಥಿಯ ಚೌಕದೊಳಗೆ, ಗೆರೆ ಎಲ್ಲೂ ದಾಟದಂತೆ, ಚಿಕ್ಕದಾಗಿ, ಪೆನ್ಸಿಲಿನಲ್ಲಿ: 'ನನ್ನ 38 ಎಲ್ಲಿ?'

ಅಲ್ಲಿದ್ದ ಎಂಟು, ಒಂದು ಸೊನ್ನೆಯ ಮೇಲೆ ಇನ್ನೊಂದು ಸೊನ್ನೆ ಕೂರಿಸಿದ ಎಂಟು. ಇಪ್ಪತ್ತೇಳು ವರ್ಷ ಬಸ್ಸಿನ ದಿನಚರಿ ಹಾಳೆಯಲ್ಲಿ, ಮನೆಯ ಕ್ಯಾಲೆಂಡರಿನಲ್ಲಿ, ನನ್ನ ಹುಟ್ಟುಹಬ್ಬದ ಕಾರ್ಡಿನಲ್ಲಿ ನಾನು ನೋಡಿದ ಎಂಟು. ನೋಡಿದ ಕ್ಷಣವೇ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಹೇಳಿ ನಾನು ತಪ್ಪಿಸಿಕೊಳ್ಳುವುದಿಲ್ಲ.

"ಏನಂತೀರಿ, ಆಕ್ರಾಯ್ಡ್ ಅವರೇ?" ಎಂದರು ಅಧಿಕಾರಿ.

ಒಂದು ಮಾತು ಆಡದೆ ಇದ್ದಿದ್ದರೆ ಸಾಕಿತ್ತು. ಚೀಟಿ ತಿರಸ್ಕೃತವಾಗುತ್ತಿತ್ತು, ಮತ ಸಮವಾದ್ದರಿಂದ ಲಾಟರಿ ಎತ್ತಿ ಗೆದ್ದವರನ್ನು ಆರಿಸುತ್ತಿದ್ದರು, ಅದೃಷ್ಟ ಹೇಗೋ ಹಾಗೆ. ನನ್ನ ಬಾಯಿ ತಾನಾಗಿಯೇ ತೆರೆದುಕೊಂಡಿತು. "ಇದು ನಮ್ಮದು. ಪೂರ್ತಿ ನಮ್ಮ ಚೌಕದಲ್ಲಿದೆ. ನಮ್ಮ ಕರಪತ್ರದ ಘೋಷಣೆಯೇ 38. ಈ ಮತದಾರರ ಮನಸ್ಸು ಇದಕ್ಕಿಂತ ಸ್ಪಷ್ಟವಾಗಿ ಹೇಗೆ ತಿಳಿಯಬೇಕು?"

ಅಧಿಕಾರಿ ಹಂಫ್ರಿಯ ಕಡೆ ನೋಡಿದರು. ಅವರು ಕನ್ನಡಕ ಮೇಲೆತ್ತಿ ಚೀಟಿಯನ್ನು ಬಹಳ ಹೊತ್ತು ನೋಡಿದರು. "ನಿಯಮ ನಿಯಮವೇ. ಗೆರೆ ದಾಟಿಲ್ಲ. ನೋರೀನ್ ಹೇಳೋದು ಸರಿ" ಎಂದರು. ತಮ್ಮ ಪಕ್ಷ ಸೋಲುತ್ತದೆಂದು ಗೊತ್ತಿದ್ದೂ ಹಾಗೆಂದ ಆ ಮನುಷ್ಯನ ಮುಂದೆ ನಾನು ಯಾರು? ಗೆಲ್ಲಲು ಗಂಡನ ಬಾಯಿಗೆ ನನ್ನ ಮಾತು ತುರುಕಿದವಳು. ಆ ಪತ್ರಿಕೆ ಅವನಿಗೆ ಮಾಡಿದ್ದನ್ನೇ ನಾನೂ ಮಾಡಿದೆ. ಅವರಾದರೂ ಅಪರಿಚಿತರು.

ಬೇಸಿಗೆಯಿಡೀ ನಾನು ಬಾಯಿ ಬಿಡಲಿಲ್ಲ. 38 ಬಂದರೆ ಎಲ್ಲ ಸರಿಹೋಗುತ್ತದೆ, ಆಗ ಹೇಳಿ ನಗೋಣ ಎಂದುಕೊಂಡೆ. ಬಸ್ಸಿನ ಬದಲು ಬಂದದ್ದು 'ಸಾರಿಗೆ ಸೇವೆಗಳ ಸಮಗ್ರ ಪರಿಶೀಲನೆ'. ಅದರ ವರದಿ ಮುಂದಿನ ವಸಂತಕ್ಕಂತೆ. ಮೂತ್ರಪಿಂಡಕ್ಕೆ ವಸಂತ ಗೊತ್ತಿಲ್ಲ ಸ್ವಾಮಿ, ಅದಕ್ಕೆ ಮಂಗಳವಾರ, ಗುರುವಾರ, ಶನಿವಾರ ಮಾತ್ರ ಗೊತ್ತು. ಆ ಕಡೆ ಊರಿನಲ್ಲಿ 'ಆ ಒಂದು ಮತ ನಂದೇ' ಎನ್ನುವವರು ಮೀನಂಗಡಿಯ ಸಾಲೊಂದರಲ್ಲೇ ಹನ್ನೊಂದು ಜನ. ಅದರಲ್ಲಿ ಮೂವರು ಮತಗಟ್ಟೆಗೇ ಬಂದಿರಲಿಲ್ಲ, ನನ್ನ ಹಾಳೆಯಲ್ಲಿದೆ.

ಕೊನೆಗೆ ಕಳೆದ ಗುರುವಾರ ನಾಯಕರು ವೇದಿಕೆ ಹತ್ತಿದರು. ಎಣಿಕೆಯ ಮೇಜಿನ ಸುತ್ತ ಇದ್ದವರು ಯಾರೂ ಹೊರಗೆ ಹೇಳಬಾರದ ಆ ಚೀಟಿಯ ಮಾತು ಅವರ ಭಾಷಣದೊಳಗೆ ಹೇಗೆ ಬಂತೆಂದು ನೀವೇ ವಿಚಾರಿಸಿಕೊಳ್ಳಿ. 'ಥಾರ್ನ್‌ಬೆಕ್‌ನ ಆ ಮತದಾರ ಬೇರೇನೂ ಬರೆಯಲಿಲ್ಲ, ನನ್ನ 38 ಎಲ್ಲಿ ಎಂದಷ್ಟೇ ಬರೆದರು. ಅದು ನಂಬಿಕೆಯ ಧ್ವನಿ' ಎಂದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಶುಕ್ರವಾರ ಬೆಳಿಗ್ಗೆ ಪತ್ರಿಕೆಯಲ್ಲಿ 'ಆ ಒಬ್ಬ ಎಲ್ಲಿದ್ದಾರೆ?' ಎಂದು ಇಡೀ ಪುಟ. ಹುಡುಕಿಕೊಟ್ಟರೆ ನಾಯಕರೊಡನೆ ಚಹಾ.

ಕ್ಲಿಫ್ ಭೂತಗನ್ನಡಿ ಹಿಡಿದು ಓದುತ್ತಿದ್ದ. ಟೋಸ್ಟು ತಣ್ಣಗಾಗುತ್ತಿತ್ತು. ಓದಿ ಮುಗಿಸಿ ಕನ್ನಡಿ ಕೆಳಗಿಟ್ಟ.

"ನೋರೀನ್. ಆ ಮೇಜಿನ ಹತ್ರ ನೀನಿದ್ದೆ."

"ಇದ್ದೆ."

"ನನ್ನ ಅಕ್ಷರ ಅಂತ ಗೊತ್ತಾಗಿತ್ತಾ?"

ಮದುವೆಯಾಗಿ ನಲವತ್ತೆಂಟು ವರ್ಷ. "ಗೊತ್ತಾಗಿತ್ತು" ಎಂದೆ.

"ಆ ಚೌಕದೊಳಗೆ ಯಾಕೆ ಬರೆದೆ ಮಾರಾಯಾ?" ಎಂದು ಕೂಡಲೇ ಅವನ ಮೇಲೇ ರೇಗಿದೆ. ಸಿಕ್ಕಿಬಿದ್ದವರ ಬುದ್ಧಿ ಅಷ್ಟೇ.

"ಚೌಕ ಇತ್ತು, ಒಳಗೆ ಬರೆದೆ. ಇಪ್ಪತ್ತೇಳು ವರ್ಷ ಚೌಕದೊಳಗೇ ಬರೆಸಿದ್ರು ನನ್ನ ಕೈಲಿ. ಗೆರೆ ದಾಟಿದ್ರೆ ಹಾಳೆ ವಾಪಸ್ ಬರ್ತಿತ್ತು." ಆಮೇಲೆ ಪತ್ರಿಕೆ ಮಡಚಿಟ್ಟು ಹೇಳಿದ: "ನಾನು ನಿಮಗೆ ಮತ ಹಾಕೋಕೆ ಹೋಗ್ಲಿಲ್ಲ ಕಣೇ. ಬಸ್ಸಲ್ಲಿ ಕೂತು ಹೇಳ್ದೆ, ಒಂದು ಪೇಪರ್‌ನವನು ಇದು ನಿನ್ನ ಮಾತು ಅಂದ, ಇನ್ನೊಬ್ಬ ನಿಂಗೆ ತಲೆ ಕೆಟ್ಟಿದೆ ಅಂದ. ಕೊನೆಗೆ ಯಾರೂ ತಿರುಚಕ್ಕಾಗದೇ ಇರೋ ಜಾಗ ಅಂತ ಆ ಚೀಟಿ ಮೇಲೆ ಬರೆದೆ. ಅದನ್ನೂ ನೀನು ಅವರಿಗೆ ಕೊಟ್ಟುಬಿಟ್ಟೆ."

ಶನಿವಾರ ವಾಹನ ಬಂದು ಹಾರ್ನ್ ಹೊಡೆಯಿತು. ಅವನು ಏಳಲಿಲ್ಲ. ಮಂಗಳವಾರವೂ ಏಳಲಿಲ್ಲ. ನರ್ಸ್ ಫೋನ್ ಮಾಡಿ ಬೈದಳು, ಬೇಡಿಕೊಂಡಳು. ನಾನು ಕಾಲು ಹಿಡಿದೆ, ಅಕ್ಷರಶಃ ಹಿಡಿದೆ, ಒತ್ತಿದರೆ ಬೆರಳಿನ ಗುರುತು ಕುಳಿಯಾಗಿ ನಿಲ್ಲುವಷ್ಟು ಬಾತ ಕಾಲು. "ಏನು ಹೇಳಿದ್ರೂ ಇನ್ನೊಬ್ಬರದ್ದಾಗುತ್ತೆ ಅಂದ್ಮೇಲೆ ಇದ್ದು ಏನ್ಮಾಡ್ಲಿ, ನೋರೀನ್?" ಎಂದ. ಹೆದರಿಸಲು ಹೇಳಿದ್ದಲ್ಲ, ಸುಸ್ತಾಗಿ ಹೇಳಿದ್ದು. ನಿಮ್ಮ ಹಾಳೆಯ ಆ ಗುರುತು ನೆನಪಾಯಿತು. ಮತ ಹಾಕುವುದಿಲ್ಲ, ಮತ್ತೆ ಭೇಟಿ ಬೇಡ. ಬೀದಿಗೆ ಬೀದಿಗೇ ನಾನು ಹಾಕಿದ ಗುರುತು ಈಗ ನನ್ನ ಅಡುಗೆಮನೆಯಲ್ಲಿ ಕೂತಿತ್ತು.

ಕಾರ್ಯದರ್ಶಿಗಳೇ, ಜನ ರಾಜಕೀಯದಿಂದ ದೂರ ಸರಿಯುತ್ತಿದ್ದಾರೆ ಎಂದು ನೀವು ಸಮೀಕ್ಷೆ ಮಾಡಿಸುತ್ತೀರಿ, ಉದಾಸೀನ ಎಂದು ಹೆಸರಿಡುತ್ತೀರಿ. ಆರು ದಿನದಿಂದ ನಾನು ಅದರ ಮುಖ ನೋಡುತ್ತಿದ್ದೇನೆ. ಉದಾಸೀನವಲ್ಲ ಅದು. ಕೇಳಿದ ಒಂದೇ ಪ್ರಶ್ನೆಗೆ ಎರಡು ವರ್ಷದಲ್ಲಿ ಒಬ್ಬರೂ ಉತ್ತರ ಕೊಡದೆ, ಆ ಪ್ರಶ್ನೆಯನ್ನೇ ಹೂಮಾಲೆ ಮಾಡಿ ತಮ್ಮ ಕೊರಳಿಗೆ ಹಾಕಿಕೊಂಡದ್ದನ್ನು ಕಂಡ ಮನುಷ್ಯ ಗೋಡೆಗೆ ಮುಖ ಮಾಡಿ ಮಲಗುತ್ತಾನೆ. ಅವನನ್ನು ಏಳಿಸಲು ನಿಮ್ಮ ಬಳಿ ಯಾವ ಘೋಷಣೆ ಇದೆ?

ಇವತ್ತು ಬೆಳಿಗ್ಗೆ ಕೇಳಿದೆ. "ಏನು ಮಾಡಿದ್ರೆ ನಾಳೆ ಹೋಗ್ತೀಯ?" ಅವನು ಹೇಳಿದ. "ಅದು ನನ್ನ ಪ್ರಶ್ನೆ, ಮತ ಅಲ್ಲ ಅಂತ ಊರಿಗೆ ಹೇಳು. ನನ್ನ ಹೆಸರು ಹಾಕು. ಒಂದಕ್ಷರ ತಿರುಚ್ಬೇಡ. ನಾನು ಓದ್ತೀನಿ. ಸರಿ ಇದ್ರೆ ಹೋಗ್ತೀನಿ."

ಅದಕ್ಕೇ ಈ ಪತ್ರ. ಎಣಿಕೆಯ ಗುಟ್ಟು ಕಾಯುತ್ತೇನೆಂದು ಮಾತು ಕೊಟ್ಟವಳು ನಾನು; ಈಗ ಮುರಿದಿದ್ದೇನೆ. ಅದು ಅಪರಾಧ ಎಂದು ಹಂಫ್ರಿ ಎಚ್ಚರಿಸಿದರು. ಎಚ್ಚರಿಸಿ, ಅಂಟಿಸಲು ಟೇಪು ತಂದುಕೊಟ್ಟರು. ನಾಳೆ ಬೆಳಿಗ್ಗೆ ಕ್ಲಿಫ್‌ನನ್ನು ತಮ್ಮ ಕಾರಿನಲ್ಲಿ ಕರೆದುಕೊಂಡು ಹೋಗುವವರೂ ಅವರೇ. ಆದರೆ ಅವರಿಗೆ ಎಂಬತ್ತೊಂದು, ಭಾನುವಾರ ಮಗಳು ಬಂದು ಕಾರಿನ ಕೀಲಿ ತೆಗೆದುಕೊಂಡು ಹೋಗುತ್ತಾಳೆ. ನಾಳೆ ಮತ್ತು ಶನಿವಾರ, ಎರಡು ಸಲ. ಆಮೇಲೆ?

ನನ್ನ ಬೇಡಿಕೆ ಹೇಳಿಬಿಡುತ್ತೇನೆ. ನಾಯಕರು ಯಾವ ವೇದಿಕೆಯಲ್ಲಿ ಆ ಮಾತು ಆಡಿದರೋ ಅಷ್ಟೇ ದೊಡ್ಡ ದನಿಯಲ್ಲಿ, ಅದು ನಮಗೆ ಬಿದ್ದ ನಂಬಿಕೆಯಲ್ಲ, ನಾವು ಉತ್ತರಿಸದ ಪ್ರಶ್ನೆ ಎಂದು ಹೇಳಬೇಕು. ಗುಲಾಬಿ ಗಿಡದ ಹೇನಿನ ಕೆಳಗಲ್ಲ. ಮತ್ತು ಆ ಪ್ರಶ್ನೆಗೆ ಉತ್ತರ ಕೊಡಬೇಕು. ವರದಿ ಬೇಡ, ಬಸ್ಸು ಬೇಕು. ಮಂಗಳವಾರ ಬೆಳಿಗ್ಗೆ ಎಂಟು ಹತ್ತಕ್ಕೆ, ಇದೇ ಸ್ಟಾಪಿಗೆ, ಹಣೆಯ ಮೇಲೆ ಬರೆದ ಜಾಗಕ್ಕೆ ಹೋಗುವ ಬಸ್ಸು. ಇದರ ಜೊತೆಗೆ ನನ್ನ ಸದಸ್ಯತ್ವದ ಕಾರ್ಡನ್ನೂ ನೀವು ಕೊಟ್ಟ ನಲವತ್ತು ವರ್ಷದ ಪದಕವನ್ನೂ ಅಂಚೆಗೆ ಹಾಕಿದ್ದೇನೆ. ರಿಬ್ಬನ್ ಹೂವು ಇಟ್ಟುಕೊಂಡಿದ್ದೇನೆ. ಅದನ್ನು ಬಿಸಾಡಲು ಕೈ ಬರಲಿಲ್ಲ. ನನ್ನನ್ನು ಹಿಡಿಸಬೇಕಾದರೆ ಹಿಡಿಸಿ. ಮಂಗಳವಾರದ ನಂತರ ಹಿಡಿಸಿ.

ಇಂತಿ,
ಗಂಡನ ಪ್ರಶ್ನೆಯನ್ನು ನಿಮಗೆ ಮತವೆಂದು ಕೊಟ್ಟು, ಈಗ ಅದನ್ನು ಬಸ್ ಬಾರದ ಸ್ಟಾಪಿನಲ್ಲಿ ನಿಂತು ವಾಪಸ್ ಕೇಳುತ್ತಿರುವ,
ನೋರೀನ್ ಆಕ್ರಾಯ್ಡ್

(ಇದರ ಕೆಳಗೆ ಪೆನ್ಸಿಲಿನಲ್ಲಿ, ಸ್ಕೇಲಿಟ್ಟು ಎಳೆದ ಒಂದು ಚೌಕದೊಳಗೆ:)

ಓದಿದೆ. ತಿರುಚಿಲ್ಲ. ಗುರುವಾರ, ಹೊರಡುವ ಸಮಯ 8.10. ಡಾಕ್ಟರ ಕಾರು. ಮಂಗಳವಾರ, ಹೊರಡುವ ಸಮಯ 8.10. ಸ್ಟಾಪಿನಲ್ಲಿ ನಿಂತಿರುತ್ತೇನೆ.
ಸಿ. ಆಕ್ರಾಯ್ಡ್, ಚಾಲಕ, 38